ಹಕ್ಕಿ ನೋಡುವವರೂ ಗಾಳ ಹಾಕುವವರೂ

ತನ್ನ ಮೊದಲ ಶಿಷ್ಯರನ್ನು ಬೆಸ್ತರೊಳಗಿಂದ ಕರೆದ ಕರ್ತನೇ ಆಕಾಶದ ಹಕ್ಕಿಗಳ ಕಡೆಗೂ ಜನರ ಕಣ್ಣನ್ನು ತಿರುಗಿಸಿದನೆಂಬುದನ್ನು ನಮ್ಮ ಶಾಲೆಯಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ. ಆದರೂ ನದಿಯ ದಡದಲ್ಲಿ ಈ ಎರಡು ಪಂಗಡದವರು ಒಬ್ಬರನ್ನೊಬ್ಬರು ಕಂಡರೆ ಮುಖ ತಿರುಗಿಸುವರು. ದುರ್ಬೀನು ಹಿಡಿದವರು ಗಾಳದವರನ್ನು ನಿರ್ದಯರೆಂದು ಎಣಿಸುವರು. ಗಾಳದವರು ಇವರನ್ನು ಕೆಲಸವಿಲ್ಲದವರೆಂದು ನಗುವರು.

ಕಳೆದ ವರ್ಷ ನಾವೂ ಈ ತಪ್ಪಿಗೆ ಪಾಲುಗಾರರಾದೆವು. ಒಂಬತ್ತನೆಯ ತರಗತಿಯ ಹುಡುಗಿಯರನ್ನು ಹಕ್ಕಿಗಳನ್ನು ತೋರಿಸಲು ಕಾವೇರಿಯ ದಡಕ್ಕೆ ಕರೆದೊಯ್ದಿದ್ದಾಗ, ಬಂಡೆಯ ಮೇಲೆ ಗಾಳ ಹಾಕಿ ಕುಳಿತಿದ್ದ ಒಬ್ಬರನ್ನು, ಹಕ್ಕಿಗಳು ಬೆದರುತ್ತವೆ, ಏಳಿರಿ ಎಂದು ಗದರಿಸಿದೆವು. "ಅಮ್ಮಾ, ನಾನು ಬೆಳಗಿನಿಂದ ಇಲ್ಲಿಯೇ ಕುಳಿತಿದ್ದೇನೆ, ಹಕ್ಕಿಗಳೂ ಇದ್ದವು, ಅವು ಎದ್ದದ್ದು ಮಕ್ಕಳ ಗದ್ದಲಕ್ಕೆ" ಎಂದು ಮೆಲ್ಲನೆ ಹೇಳಿ ಅವರು ದಾರವನ್ನು ಸುತ್ತಿಕೊಂಡು ಹೋದರು. ನಮ್ಮ ಹುಡುಗಿಯರಲ್ಲಿ ಒಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಅವರು ಅವಳ ತಂದೆಯೆಂದು ನಮಗೆ ತಿಳಿದದ್ದು ಶಾಲೆಗೆ ಮರಳುವಾಗ. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ.)

ಇದರಿಂದ ಗಾಳವು ನಿರ್ದೋಷವೆಂದು ನಾವು ವಾದಿಸುವುದಿಲ್ಲ. ಕತ್ತರಿಸಿ ಬಿಟ್ಟ ನೈಲಾನ್ ದಾರವು ಬಹುಕಾಲ ಕೊಳೆಯದು. ಬೆಳ್ಳಕ್ಕಿಯ ಕಾಲಿಗೂ ನೀರುಕಾಗೆಯ ರೆಕ್ಕೆಗೂ ಅದು ಉರುಲಾಗುವುದು. ಇಂಗ್ಲೆಂಡಿನಲ್ಲಿ ಹಂಸಗಳು ಮೇವನ್ನು ಅರೆಯಲಿಕ್ಕೆಂದು ನುಂಗುವ ಹರಳುಗಳೊಡನೆ, ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನೂ ನುಂಗಿ ವಿಷವೇರಿ ಸಾಯುತ್ತಿದ್ದವು. 1987ರಲ್ಲಿ ಅಂಥ ಸಣ್ಣ ಗುಂಡುಗಳ ಮಾರಾಟವನ್ನು ಕಾಯಿದೆಯಿಂದ ನಿಲ್ಲಿಸಿದರು. ಹಂಸಗಳು ಮತ್ತೆ ಹೆಚ್ಚಿದವು. ಅಲ್ಲಿ ಗಾಳ ಹಾಕುವುದೇನೂ ನಿಂತುಹೋಗಲಿಲ್ಲ; ಗುಂಡು ಬದಲಾಯಿತು, ಅಷ್ಟೇ.

ಗಾಳದವರಿಂದ ನದಿಗೆ ಆದ ಉಪಕಾರವನ್ನೂ ಮರೆಯಬಾರದು. ನಮ್ಮ ಕಾವೇರಿಯ ಗಾಲಿಬೋರೆ ಶಿಬಿರದಲ್ಲಿ ಮಹಶೀರ್ ಮೀನನ್ನು ಹಿಡಿದು ತಿರುಗಿ ನೀರಿಗೆ ಬಿಡುತ್ತಿದ್ದವರು 1998ರಿಂದ 2012ರ ವರೆಗೆ ತಮ್ಮ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಈ ನದಿಗೇ ಸೇರಿದ, ಗೂನುಬೆನ್ನಿನ ಮಹಶೀರ್ ಕ್ಷೀಣಿಸಿ, ಹೊರಗಿನಿಂದ ತಂದು ಬಿಟ್ಟ ಜಾತಿಯು ಹೆಚ್ಚಿದ್ದನ್ನು ವಿಜ್ಞಾನಿಗಳು ಕಂಡುಕೊಂಡದ್ದು ಆ ಲೆಕ್ಕದಿಂದ. 2018ರಲ್ಲಿ ಆ ಮೀನನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲಾಯಿತು. ಹಕ್ಕಿ ನೋಡುವವರ ಟಿಪ್ಪಣಿ ಪುಸ್ತಕಕ್ಕೂ ಇದಕ್ಕೂ ಏನು ಭೇದ?

ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಪಕ್ಷಿಧಾಮವಾಗಿ ಸಾರಿದ ರಂಗನತಿಟ್ಟಿನಂಥ ಸ್ಥಳದೊಳಗೆ ಗಾಳಕ್ಕೆ ಎಡೆಯಿಲ್ಲದಿರುವುದು ನ್ಯಾಯವೇ. ಉಳಿದ ದಡಗಳಲ್ಲಿಯೂ, ಬೇಸಿಗೆಯಲ್ಲಿ ನದಿ ರೀವವು ಬರಿಯ ಬಂಡೆ ಮರಳುಗಳ ಮೇಲೆ ಮೊಟ್ಟೆಯಿಡುವಾಗ ಅಲ್ಲಿ ಕಾಲಿಡದಿರುವ ಕಟ್ಟು ಇಬ್ಬರಿಗೂ ಇರಬೇಕು. ಕ್ಯಾಮೆರಾ ಹಿಡಿದವರ ಕಾಲು ಗಾಳ ಹಿಡಿದವರ ಕಾಲಿಗಿಂತ ಹಗುರವೇನಲ್ಲ!

ಆ ತಂದೆಯವರನ್ನು ಶಾಲೆಗೆ ಕರೆಯಿಸಿ ಕ್ಷಮೆ ಕೇಳಿದೆವು. ಈ ವರ್ಷದ ಸಂಚಾರದಲ್ಲಿ ಹುಡುಗಿಯರಿಗೆ ದಡವನ್ನು ತೋರಿಸುವವರು ಅವರೇ. ಬಿಸಾಡಿದ ದಾರವನ್ನು ಆಯ್ದು ತುಂಬಲು ಒಂದು ಡಬ್ಬಿಯನ್ನೂ ಒಯ್ಯುವೆವು. ಪೋಷಕರಲ್ಲಿ ಗಾಳ ಹಾಕುವವರು ಇನ್ನೂ ಇದ್ದರೆ, ಜನವರಿಗೆ ಮುಂಚೆ ಮಗಳ ಕೈಯಲ್ಲಿ ನಮಗೊಂದು ಚೀಟಿ ಕಳುಹಿಸಿಕೊಡಿರಿ.