ಬ್ಯಾಲೆನ್ಸ್ ಮಾಡಿ ಅನ್ನೋ ಮೊದಲು ತಕ್ಕಡಿ ಯಾರ ಕೈಲಿದೆ ನೋಡಿ



ನೀಟ್ ಫಲಿತಾಂಶ ಬಂದಾಗೆಲ್ಲ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೇ ಬರುತ್ತೆ. ಗಾರೆ ಕೆಲಸ ಮಾಡ್ಕೊಂಡೇ ಮೆಡಿಕಲ್ ಸೀಟು ಗೆದ್ದ ಹುಡುಗ. ಫೋಟೊದಲ್ಲಿ ಪಕ್ಕಕ್ಕೆ ಅವ್ವ, ಬಾಯಿಗೆ ಲಾಡು. ನಾವೂ ಖುಷಿಯಿಂದ ಹಂಚ್ಕೊತೀವಿ. ಆ ಹುಡುಗನಿಗೆ ನನ್ನ ಸೆಲ್ಯೂಟ್ ಇದೆ. ತಕರಾರು ಇರೋದು ಸುದ್ದಿಯ ಕೆಳಗೆ ಬರೋ ಉಪದೇಶದ ಬಗ್ಗೆ: "ನೋಡಿ, ಮನಸ್ಸಿದ್ರೆ ಮಾರ್ಗ. ಕೆಲಸ, ಓದು ಎರಡನ್ನೂ ಬ್ಯಾಲೆನ್ಸ್ ಮಾಡೋದು ಕಲೀಬೇಕು."

ತುಂಬಿದ ಹೊಳೆಗೆ ನೂರು ಜನ ಇಳಿದು ಒಬ್ಬ ಈಜಿ ದಡ ಸೇರಿದ್ರೆ ಅವನ ತೋಳಿನ ಬಲ ಹೊಗಳಿ ಮನೆಗೆ ಹೋಗ್ತೀರಾ? ಸೇತುವೆ ಯಾಕೆ ಕಟ್ಟಲಿಲ್ಲ ಅಂತ ಕೇಳೋರು ಯಾರು?

ನೀಟ್ ಏನು ಕೇಳುತ್ತೆ ಅನ್ನೋದನ್ನ ಮೊದಲು ನೋಡಿ. 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಅಂದ್ರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದ್ರೆ ಒಂದು ಕಟ್. ಪಾಠ ಗೊತ್ತಿದ್ರೆ ಸಾಲದು, ನಿಮಿಷದೊಳಗೆ ಉತ್ತರ ಕೈಗೆ ಬರಬೇಕು. ಆ ವೇಗ ಬರೋದು ಸಾವಿರಾರು ಲೆಕ್ಕ ಬಿಡಿಸಿದ ಮೇಲೆ, ಹತ್ತಾರು ಮಾದರಿ ಪರೀಕ್ಷೆ ಬರೆದ ಮೇಲೆ. ಅದಕ್ಕೆ ಬೇಕಾಗಿರೋದು ಗಂಟೆಗಳು, ಯಾರೂ ಅಡ್ಡ ಬರದ ಗಂಟೆಗಳು.

ಸುಮ್ನೆ ಒಂದು ಲೆಕ್ಕ ಹಾಕೋಣ. ಕೋಚಿಂಗ್ ಸೇರಿದ ಹುಡುಗ ದಿನಕ್ಕೆ 10 ಗಂಟೆ ಓದ್ತಾನೆ ಅಂತಿಟ್ಕೊಳ್ಳಿ. 300 ದಿನಕ್ಕೆ 3000 ಗಂಟೆ. ಇನ್ನೊಬ್ಬ ತಾಲ್ಲೂಕು ಕೇಂದ್ರದ ಮೆಡಿಕಲ್ ಸ್ಟೋರಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತಿರ್ತಾನೆ. ಅಂಥ ಹುಡುಗರು ನನಗೆ ಗೊತ್ತು. ಹಳ್ಳಿಯಿಂದ ಬಂದು ಹೋಗೋಕೆ ಒಂದೂವರೆ ಗಂಟೆ. ನಿದ್ದೆ ಕದ್ದು ಓದಿದ್ರೂ ದಿನಕ್ಕೆ ಮೂರು ಗಂಟೆ, ವರ್ಷಕ್ಕೆ 900. ಮೊದಲನೇ ಹುಡುಗ ಒಂದು ವರ್ಷದಲ್ಲಿ ಓದಿದ್ದನ್ನ ಇವನು ಮುಟ್ಟೋಕೆ ಮೂರು ವರ್ಷ ದಾಟುತ್ತೆ. ಇಬ್ಬರನ್ನೂ ಒಂದೇ ದಿನ, ಒಂದೇ ಬೆಂಚಲ್ಲಿ ಕೂರಿಸಿ ಬಂದ ಅಂಕಕ್ಕೆ ಮೆರಿಟ್ ಅಂತ ಹೆಸರಿಡ್ತಾರೆ.

ಹೆಣ್ಣುಮಕ್ಕಳದ್ದು ಇನ್ನೊಂದು ಲೆಕ್ಕ. ನೀರು, ಅಡುಗೆ, ತಮ್ಮ ತಂಗಿ, ಕೂಲಿಗೆ ಹೋದ ಅವ್ವ ಬರೋ ತನಕ ಮನೆ. ಇದಕ್ಕೆ ಕೆಲಸ ಅನ್ನೋ ಹೆಸರೂ ಇಲ್ಲ. "ಮನೇಲೇ ಇದ್ದಾಳಲ್ಲ, ಓದ್ಕೊಳ್ಳೋಕೆ ಏನು ಕಷ್ಟ?" ಅಂತಾರೆ.

ಗಂಟೆ ಲೆಕ್ಕ ನನ್ನ ಕಲ್ಪನೆ ಅನ್ನೋರು ತಮಿಳುನಾಡಿನ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿ ಓದಲಿ. ಅಲ್ಲಿ ಮೆಡಿಕಲ್ ಸೀಟು ಪಡೆದವರಲ್ಲಿ ಮತ್ತೆ ಮತ್ತೆ ಪರೀಕ್ಷೆ ಬರೆದವರು 2016-17ರಲ್ಲಿ ನೂರಕ್ಕೆ 12ರಷ್ಟಿದ್ದರು. 2020-21ಕ್ಕೆ ಅದು ನೂರಕ್ಕೆ 71 ದಾಟಿತ್ತು. ನೀಟ್ ಬಂದು ನಾಲ್ಕು ವರ್ಷದಲ್ಲಿ ಈ ಬದಲಾವಣೆ. ಒಂದು ವರ್ಷ ದುಡಿಯದೆ ಕೂತು ಓದೋ ಶಕ್ತಿ ಇದ್ದವರ ಕೈಗೆ ಸೀಟು ಹೋಯ್ತು ಅಂತ ಇದರ ಅರ್ಥ. ಅದೇ ತಮಿಳುನಾಡಿನ ಅರಿಯಲೂರು ಜಿಲ್ಲೆಯ ಅನಿತಾ, ಕೂಲಿ ಮಾಡೋ ದಲಿತ ತಂದೆಯ ಮಗಳು, ಹನ್ನೆರಡನೇ ತರಗತಿಯಲ್ಲಿ 1200ಕ್ಕೆ 1176 ತೆಗೆದಿದ್ದಳು. ನೀಟ್ ವಿರುದ್ಧ ಸುಪ್ರೀಂ ಕೋರ್ಟ್ ತನಕ ಹೋದಳು. 2017ರ ಸೆಪ್ಟೆಂಬರ್ 1ರಂದು ಅವಳನ್ನ ಕಳ್ಕೊಂಡ್ವಿ. ಅವಳಿಗೂ ಟೈಮ್ ಮ್ಯಾನೇಜ್‌ಮೆಂಟ್ ಗೊತ್ತಿರಲಿಲ್ಲ ಅಂತೀರಾ?

"ನಿಮಗೆ ಮೀಸಲಾತಿ ಇದೆಯಲ್ಲ" ಅಂತ ಕಾಮೆಂಟ್ ಹಾಕೋರಿಗೆ ಈಗಲೇ ಉತ್ತರ ಕೊಡ್ತೀನಿ. ಮೀಸಲಾತಿ ನಿಂತಿರೋದು ಸೀಟು ಹಂಚೋ ಬಾಗಿಲಲ್ಲಿ. ಅಲ್ಲಿಗೆ ಬರೋ ದಾರಿಯಲ್ಲಿ ಅದು ಯಾರಿಗೂ ಒಂದು ಗಂಟೆ ಕೊಡಲ್ಲ. ನಮಗೆ 40 ಪರ್ಸೆಂಟೈಲ್ ಇರೋದನ್ನ ದೊಡ್ಡ ಅನ್ಯಾಯ ಅಂತೀರಿ. ಅದು ಬರೀ ಅರ್ಹತೆ, ಸೀಟಲ್ಲ. 50 ಪರ್ಸೆಂಟೈಲ್ ಹೇಗೋ ದಾಟಿದ ಶ್ರೀಮಂತರ ಮಗ ಲಕ್ಷಗಟ್ಟಲೆ ಸುರಿದು ಮ್ಯಾನೇಜ್‌ಮೆಂಟ್ ಸೀಟಲ್ಲಿ ಕೂತಾಗ ನಿಮ್ಮ ಮೆರಿಟ್ ಎಲ್ಲಿಗೆ ಹೋಗಿರುತ್ತೆ? 2024ರಲ್ಲಿ ಪ್ರಶ್ನೆಪತ್ರಿಕೆ ಸೋರಿದಾಗ ಎಲ್ಲಿತ್ತು?

ಈಗ ಅಸಲು ವಿಷಯ. ನಾನು ದಿನಾ ಅರ್ಜಿ, ಕಡತ ನೋಡೋ ಗುಮಾಸ್ತ. ಅರ್ಜಿಯ ಕಾಲಂನಲ್ಲಿ ಬರೆಯೋಕೆ ಏನೂ ಇಲ್ಲದ ಮನುಷ್ಯ ಸರ್ಕಾರದ ಕಣ್ಣಿಗೆ ಬದುಕಿಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಪಿಯುಸಿ ಮುಗಿಸಿ ಮೊದಲ ಸಲ ಸೀಟು ಸಿಗದೆ ಇನ್ನೊಂದು ವರ್ಷ ಓದ್ತೀನಿ ಅನ್ನೋ ನಮ್ಮ ಮಗು ಅಂಥ ಮನುಷ್ಯ. "ಈಗ ಯಾವ ಕಾಲೇಜು?" ಅನ್ನೋ ಕಾಲಂ ಖಾಲಿ. ಕಾಲೇಜು ಇಲ್ಲ ಅಂದ್ರೆ ಹಾಸ್ಟೆಲ್ ಇಲ್ಲ, ವಿದ್ಯಾರ್ಥಿವೇತನ ಇಲ್ಲ, ವಿದ್ಯಾರ್ಥಿ ಬಸ್ ಪಾಸ್ ಇಲ್ಲ. ಎರಡು ಹೊತ್ತು ಊಟ, ಟ್ಯೂಬ್‌ಲೈಟು, ಓದೋ ಮೇಜು ಎಲ್ಲ ಒಂದೇ ತಿಂಗಳಲ್ಲಿ ಕೈತಪ್ಪುತ್ತೆ. ಆಮೇಲೆ ಆ ಹುಡುಗ ಕೆಲಸಕ್ಕೆ ಹೋಗದೆ ಇನ್ನೇನು ಮಾಡ್ತಾನೆ? ಅವನನ್ನ ಅಂಗಡಿ ಕೌಂಟರಿಗೆ ತಳ್ಳಿದ್ದು ಸರ್ಕಾರದ ನಿಯಮ. ತಳ್ಳಿದ ಮೇಲೆ ಬ್ಯಾಲೆನ್ಸ್ ಮಾಡು ಅನ್ನೋದು ಕಾಲು ಕಟ್ಟಿ ಓಡು ಅಂದ ಹಾಗೆ.

2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ಬೇಡ ಅಂತ ನಿರ್ಣಯ ಮಾಡ್ತು. ಸ್ವಾಗತ. ಆದ್ರೆ ನೀಟ್ ತೆಗೆಯೋದು ದೆಹಲಿ ಕೈಯಲ್ಲಿದ್ರೆ, ಹಾಸ್ಟೆಲ್ ಬಾಗಿಲು ತೆಗೆಯೋದು ವಿಧಾನಸೌಧದ ಕೈಯಲ್ಲೇ ಇದೆ. ಅದಕ್ಕೆ ಯಾವ ನಿರ್ಣಯ ಅಡ್ಡ ಬಂದಿದೆ? ಐಎಎಸ್, ಕೆಎಎಸ್ ತರಬೇತಿಗೆ ಸಮಾಜ ಕಲ್ಯಾಣ ಇಲಾಖೆ ಶಿಷ್ಯವೇತನ ಕೊಡುತ್ತೆ. ಡಾಕ್ಟರ್ ಆಗೋಕೆ ಹೊರಟ ಮಗುವಿಗೆ ಒಂದು ವರ್ಷ ಅನ್ನ, ಜಾಗ, ಕೈಖರ್ಚು ಕೊಡೋಕೆ ದುಡ್ಡಿಲ್ಲ ಅಂದ್ರೆ ನಂಬಬೇಡಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡು ಗ್ಯಾರಂಟಿ ಯೋಜನೆಗಳಿಗೆ ಹೋಗಿದ್ದನ್ನ ಕಣ್ಣಾರೆ ಕಂಡಿದ್ದೀವಿ.

ದುಡಿಯೋರ ಗಂಟೆಗೆ ತಕ್ಕಂತೆ ಶಾಲೆಯನ್ನೇ ಹೊಂದಿಸೋದು ನಮ್ಮ ಪರಂಪರೆ. 1855ರಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಪುಣೆಯಲ್ಲಿ ರೈತರು, ಕೂಲಿಕಾರರಿಗಾಗಿ ರಾತ್ರಿ ಶಾಲೆ ತೆರೆದರು. 1946ರಲ್ಲಿ ಬಾಬಾಸಾಹೇಬರು ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ಶುರು ಮಾಡಿದಾಗ ಹಗಲು ನೌಕರಿ ಮಾಡೋರೂ ಓದಲಿ ಅಂತ ಬೆಳಗಿನ ತರಗತಿ ಇಟ್ಟರು. ದಿನಕ್ಕೆ ಹದಿನೆಂಟು ಗಂಟೆ ಓದಿದವರು ಅಂತ ಅವರ ಫೋಟೊ ಹಾಕಿ ಮಕ್ಕಳಿಗೆ ಹೇಳ್ತೀವಲ್ಲ, ಆ ಹದಿನೆಂಟು ಗಂಟೆ ಬೇರೆಯವರಿಗೂ ಸಿಗಲಿ ಅಂತ ಅವರು ಕಾಲೇಜು ಕಟ್ಟಿದ್ದನ್ನೂ ಹೇಳಬೇಕು.

ಕೊನೆಗೆ ನಮ್ಮ ಸಂಘಟನೆಗಳಿಗೆ ಎರಡು ಮಾತು. ಬೇಜಾರಾದ್ರೂ ಕೇಳಿ. ನೀಟ್ ನಡೆಯೋದು ಮೇ ಮೊದಲ ವಾರದಲ್ಲಿ. ಏಪ್ರಿಲ್ 14 ಅದಕ್ಕೆ ಬರೀ ಮೂರು ವಾರ ಮುಂಚೆ. ಬ್ಯಾನರ್ ಕಟ್ಟೋಕೆ, ಕುರ್ಚಿ ಹಾಕೋಕೆ, ಮೈಕ್ ತರೋಕೆ ನಾವು ಕರೆಯೋದು ಇದೇ ಹುಡುಗರನ್ನ. ಮೇಲ್ಜಾತಿ ಮನೆಯ ಮಗು ಕೀಬೋರ್ಡು, ಕರಾಟೆ ಕಲಿತ್ರೆ ಅದು ಪಠ್ಯೇತರ ಚಟುವಟಿಕೆ. ನಮ್ಮ ಹುಡುಗ ರಾತ್ರಿ ಹನ್ನೆರಡಕ್ಕೆ ಕೇರಿಯ ಬಸುರಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ರಕ್ತ ಕೊಟ್ರೆ, ಠಾಣೆ ಮುಂದೆ ಧರಣಿ ಕೂತ್ರೆ ಅದಕ್ಕೆ ಹೆಸರೂ ಇಲ್ಲ, ಅಂಕವೂ ಇಲ್ಲ. ಒಳ್ಳೆ ಡಾಕ್ಟರಿಗೆ ಬೇಕಾದ ಗುಣ ಅಲ್ಲೇ ಇದೆ, ನಿಜ. ಹಾಗಂತ ಪರೀಕ್ಷೆ ಅದನ್ನ ಕೇಳಲ್ಲ. ಚಳವಳಿ ಬಿಡು ಅಂತ ಯಾವ ಮಗುವಿಗೂ ನಾನು ಹೇಳಲ್ಲ. ಮಾರ್ಚಿಂದ ಮೇವರೆಗೆ ಅವರ ಪಾಲಿನ ಕೆಲಸ ನಲವತ್ತು ದಾಟಿದ ನಾವು ಮಾಡೋಣ ಅಂತೀನಿ. ಏಣಿ ಹತ್ತಿ ಬ್ಯಾನರ್ ಕಟ್ಟೋಕೆ ನಮಗೇನು ಕೈ ಬಿದ್ದುಹೋಗಿದೆಯಾ?

ಇನ್ನೊಂದು. ನಿಮ್ಮ ತಾಲ್ಲೂಕಿನ ಅಂಬೇಡ್ಕರ್ ಭವನಕ್ಕೆ ಇವತ್ತು ಸಂಜೆ ಹೋಗಿ ನೋಡಿ. ಬೀಗ ಹಾಕಿದ್ರೆ ಬೀಗದ ಕೈ ಯಾರ ಹತ್ರ ಇದೆ ಕೇಳಿ. ರಾತ್ರಿ ಹನ್ನೊಂದರ ತನಕ ದೀಪ ಉರಿದು ಹತ್ತು ಮೇಜು, ಒಂದು ನೀರಿನ ಕ್ಯಾನ್ ಇದ್ರೆ ಅಲ್ಲಿ ಓದೋಕೆ ಬರೋರು ಇದ್ದಾರೆ. ಇದಕ್ಕೆ ಬಜೆಟ್ ಅಧಿವೇಶನ ಕಾಯಬೇಕಾಗಿಲ್ಲ.

ನಮ್ಮ ಬೇಡಿಕೆ ಮೂರು: ಮತ್ತೆ ನೀಟ್ ಬರೆಯೋ ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಒಂದು ವರ್ಷ ಹಾಸ್ಟೆಲ್, ಆ ವರ್ಷಕ್ಕೆ ಶಿಷ್ಯವೇತನ, ರಾತ್ರಿ ತೆರೆದಿರೋ ಭವನ. ಇದನ್ನೇ ಬರೆದು ನಿಮ್ಮ ಜಿಲ್ಲೆಯ ಸಮಾಜ ಕಲ್ಯಾಣ ಅಧಿಕಾರಿಗೆ ಮನವಿ ಕೊಡಿ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮಾತ್ರ ಮರೀಬೇಡಿ. ಸೀಲಿಲ್ಲದ ಅರ್ಜಿ ಯಾವ ಕಡತಕ್ಕೂ ಸೇರಲ್ಲ.

ಜೈ ಭೀಮ್.