ಜಾಲತಾಣದ ಮಾತಿಗೆ ಸಾಕ್ಷಿ ಯಾರು?

ದುದ್ದ, ಮದ್ದೂರು, ಮಳವಳ್ಳಿಗಳನ್ನೊಳಗೊಂಡ ಮಂಡ್ಯ ಜಿಲ್ಲೆ ಕರಾವಳಿಯ ನಮಗೆ ದೂರದ ಸೀಮೆ. ಆದರೂ ಅಲ್ಲಿ 2023ರಲ್ಲಿ ನಡೆದ ಒಂದು ಪ್ರಸಂಗ ನಮ್ಮ ಪ್ರತಿಯೊಂದು ಧರ್ಮಕೇಂದ್ರಕ್ಕೂ ಪಾಠವಾಗಬಲ್ಲದು.

ಆ ವರ್ಷ ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿರುವಾಗ, ಮಾರ್ಚ್ 12ರಂದು, ಪ್ರಧಾನಿ ನರೇಂದ್ರ ಮೋದಿಯವರು ಮಂಡ್ಯಕ್ಕೆ ಬಂದರು. ಸ್ವಾಗತಕ್ಕೆ ನಿಲ್ಲಿಸಿದ್ದ ಒಂದು ಕಮಾನಿನ ಮೇಲೆ ಉರಿಗೌಡ, ನಂಜೇಗೌಡ ಎಂಬ ಹೆಸರುಗಳಿದ್ದವು. ಟೀಕೆ ಬಂದ ಮೇಲೆ ಹೆಸರು ಬದಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನನ್ನು ಕೊಂದವರು ಬ್ರಿಟಿಷ್ ಪಡೆಯವರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬ ಕಥೆ ಆಗ ನಾಟಕ, ಭಾಷಣ, ಜಾಲತಾಣಗಳಲ್ಲೆಲ್ಲ ಓಡಾಡುತ್ತಿತ್ತು. ಆಗಿನ ಸಚಿವ ಮುನಿರತ್ನ ಅವರು ಇದನ್ನೇ ಸಿನಿಮಾ ಮಾಡಲು ಹೊರಟಿದ್ದರು.

ಈ ಕಥೆಗೆ ತಡೆ ಬಿದ್ದದ್ದು ಹೇಗೆ? ಒಕ್ಕಲಿಗ ಸಮುದಾಯದ ಗುರುಪೀಠವಾದ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಮಾರ್ಚ್ 20ರಂದು, ಇದಕ್ಕೆ ಐತಿಹಾಸಿಕ ಆಧಾರಗಳಿಲ್ಲ, ಗೊಂದಲ ಬೇಡ ಎಂದು ತಿಳಿಸಿದರು. ಮುನಿರತ್ನ ಅವರು ಸಿನಿಮಾ ಕೈಬಿಟ್ಟರು. ಗಮನಿಸಿ: ಆ ಕಥೆ ನಿಜವಾಗಿದ್ದರೆ ಕೀರ್ತಿ ಬರುತ್ತಿದ್ದುದು ಸ್ವಾಮೀಜಿಯವರ ಸಮುದಾಯಕ್ಕೇ. ಲಾಭವಿದ್ದವರೇ ‘ಆಧಾರವಿಲ್ಲ’ ಎಂದಾಗ ಆ ಮಾತಿಗೆ ತೂಕ ಬಂತು.

ಜಾಲತಾಣಗಳನ್ನು ತೂಗಲು ಇದೇ ತಕ್ಕಡಿ ಸಾಕು. ಒಂದು ತಾಣ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದು ಮುಖ್ಯವಲ್ಲ; ಅದರಿಂದ ಲಾಭವಿಲ್ಲದವರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದು ಮುಖ್ಯ. 2018ರ ಮಾರ್ಚ್‌ನಲ್ಲಿ ಜೈನ ಮುನಿಯೊಬ್ಬರ ಮೇಲೆ ಮುಸ್ಲಿಂ ಯುವಕರು ಹಲ್ಲೆ ನಡೆಸಿದರೆಂದು ‘ಪೋಸ್ಟ್‌ಕಾರ್ಡ್ ನ್ಯೂಸ್’ ತಾಣ ಪ್ರಕಟಿಸಿತು. ಮುನಿಗಳಿಗೆ ಗಾಯವಾದದ್ದು ರಸ್ತೆ ಅಪಘಾತದಲ್ಲಿ. ಬೆಂಗಳೂರು ಪೊಲೀಸರು ತಾಣದ ಸ್ಥಾಪಕರನ್ನು ಬಂಧಿಸಿದರು. ಆದರೆ ಆ ತಾಣದ ಹಲವು ಸುದ್ದಿಗಳು ಸುಳ್ಳೆಂದು ‘ಆಲ್ಟ್ ನ್ಯೂಸ್’ನಂಥ ಸತ್ಯಶೋಧಕರು ಅದಕ್ಕೂ ಮೊದಲೇ ತೋರಿಸಿದ್ದರು. ಕೇಳಿದವರಿಗೆ ಉತ್ತರ ಸಿಗುತ್ತಿತ್ತು, ಕೇಳಿದವರು ಕಡಿಮೆ.

‘ಹತ್ತು ಕಡೆ ಬಂದಿದೆಯಲ್ಲ’ ಎನ್ನುವವರಿದ್ದಾರೆ. ಪೋಪ್ ಫ್ರಾನ್ಸಿಸ್‌ರವರು ಡೊನಾಲ್ಡ್ ಟ್ರಂಪ್‌ರನ್ನು ಬೆಂಬಲಿಸಿದರೆಂಬ 2016ರ ಸುದ್ದಿಯೂ ಹತ್ತು ಕಡೆ ಬಂದಿತ್ತು. ಅದು ಹುಟ್ಟಿದ್ದು ಕಾಲ್ಪನಿಕ ಸುದ್ದಿಯ ತಾಣವೆಂದು ತಾನೇ ಹೇಳಿಕೊಂಡಿದ್ದ ಒಂದು ಕಡೆ, ಉಳಿದವು ನಕಲು. ಒಬ್ಬನ ಮಾತನ್ನೇ ಹತ್ತು ಮಂದಿ ಪುನರುಚ್ಚರಿಸಿದರೆ ಹತ್ತು ಸಾಕ್ಷಿಗಳಾಗುವುದಿಲ್ಲ. ಪವಿತ್ರ ಗ್ರಂಥದಲ್ಲಿ ಸುಸನ್ನಳ ಮೇಲೆ ಅಪವಾದ ಹೊರಿಸಿದ ಹಿರಿಯರೂ ಇಬ್ಬರಿದ್ದರು, ಒಂದೇ ಮಾತು ಹೇಳಿದ್ದರು. ದಾನಿಯೇಲನು ಅವರನ್ನು ಬೇರೆ ಬೇರೆ ನಿಲ್ಲಿಸಿ ‘ಯಾವ ಮರದ ಕೆಳಗೆ?’ ಎಂದು ಕೇಳಿದಾಗ ಒಬ್ಬನು ಒಂದು ಮರ, ಇನ್ನೊಬ್ಬನು ಮತ್ತೊಂದು ಮರ ಹೇಳಿ ಸಿಕ್ಕಿಬಿದ್ದರು. ಒಂದು ಜೀವ ಉಳಿಯಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಅಪರಿಚಿತ ತಾಣಗಳನ್ನು 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು ಮತ್ತು 25 ವಿದ್ಯಾರ್ಥಿಗಳ ಮುಂದಿಟ್ಟಾಗ, ಬೇಗನೆ ಸರಿಯಾದ ತೀರ್ಮಾನಕ್ಕೆ ಬಂದವರು ಸತ್ಯಶೋಧಕರು. ಅವರು ಪುಟದ ಅಂದಚಂದ ನೋಡುತ್ತ ಕೂರದೆ, ಕೂಡಲೇ ಹೊರಬಂದು ಇತರರು ಏನೆನ್ನುತ್ತಾರೆಂದು ಹುಡುಕಿದರು.

ಹೆಸರೊಂದೇ ಸಾಲದು ಎಂಬುದೂ ನಿಜ. 2016ರ ನೋಟು ರದ್ದತಿಯ ವೇಳೆ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆಯೆಂದು ಹೇಳಿದವುಗಳಲ್ಲಿ ದೊಡ್ಡ ಟಿ.ವಿ. ವಾಹಿನಿಗಳೂ ಇದ್ದವು. ತಪ್ಪು ಯಾರಿಂದಲೂ ಆಗಬಹುದು. ಅದನ್ನು ಬಹಿರಂಗವಾಗಿ ತಿದ್ದಿಕೊಳ್ಳುವವರೇ ನಂಬಿಕೆಗೆ ಅರ್ಹರು.

ನಮ್ಮ ಗುರಿಕಾರರು, ಧರ್ಮೋಪದೇಶದ ಶಿಕ್ಷಕರು, ಯುವ ಸಂಘಟನೆಯವರು ಒಂದು ಸುದ್ದಿಯನ್ನು ಗುಂಪಿಗೆ ಕಳುಹಿಸುವ ಮೊದಲು ಮೂರು ಪ್ರಶ್ನೆ ಕೇಳಲಿ: ಇದು ಮೊದಲು ಎಲ್ಲಿ ಬಂತು? ಆ ತಾಣಕ್ಕೆ ಸಂಬಂಧವಿಲ್ಲದವರು ಅದರ ಬಗ್ಗೆ ಏನೆನ್ನುತ್ತಾರೆ? ಇದು ನಿಜವಾಗಲಿ ಎಂದು ಬಯಸದವರೂ ಇದನ್ನು ಒಪ್ಪುತ್ತಾರೆಯೇ? ಕ್ರೈಸ್ತರ ಪರವಾಗಿರುವ ಸುದ್ದಿಗೂ ಇದೇ ನಿಯಮ ಅನ್ವಯಿಸಲಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಮ್ಮ ಈ ತಾಣವನ್ನೂ ಹಾಗೆಯೇ ಪ್ರಮಾಣಿಸಿ ನೋಡಿರೆಂದು ಓದುಗರಲ್ಲಿ ನಮ್ಮ ವಿನಂತಿ.