ಗಾಳಿ ಒರೆಸಿದ ನೀರು

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ಶುರುವಾಗಿದ್ದು ನಮ್ಮ ಭಾವನ ಜೊತೆ. ಈಗ ಭಾವನಂಥ ಎಲ್ಲರ ಜೊತೆಗೂ ಆಡಬೇಕು ಅನ್ನಿಸಿದೆ. ನಿಮ್ಮಲ್ಲೂ ಒಂದಿಬ್ಬರು ಅಂಥವರು ಇರಬಹುದು. ಬೈದುಕೊಂಡಾದರೂ ಸರಿ, ಪೂರ್ತಿ ಓದಿ :)

ಅಕ್ಕನ ಮನೆ ಮಂಗಳೂರಿನಲ್ಲಿ. ಮಳೆಗಾಲದಲ್ಲಿ ಆ ಊರಿನ ಕಥೆ ನಿಮಗೆ ಗೊತ್ತೇ ಇದೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕ ತೆರೆದರೆ ಮುಗ್ಗಲು ವಾಸನೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗೋದಿಲ್ಲ. ನಮ್ಮ ಮಲೆನಾಡಿನ ಮನೆಯಲ್ಲಾದರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು. ಹೊಗೆ ವಾಸನೆ ಬಂದರೂ ಬಟ್ಟೆ ಒಣಗುತ್ತಿತ್ತು. ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಬಚ್ಚಲ ಒಲೆ ಎಲ್ಲಿಂದ ತರೋದು? ಅಕ್ಕನ ಮಾವನಿಗೆ ಎಪ್ಪತ್ತೆಂಟು ವರ್ಷ, ಜೊತೆಗೆ ದಮ್ಮು. ತೇವ ಹೆಚ್ಚಾದರೆ ರಾತ್ರಿಯೆಲ್ಲ ಕೂತೇ ಕಳೆಯುತ್ತಾರೆ. ಹಾಗಾಗಿ ಭಾವ ಒಂದು ಡಿಹ್ಯುಮಿಡಿಫೈಯರ್ ತಂದರು. ತಂದದ್ದು ಒಳ್ಳೆಯದೇ ಆಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಅದರ ಬಕೆಟ್ಟಿನ ಬಗ್ಗೆ.

ಕಳೆದ ಆಷಾಢದಲ್ಲಿ ನಾನು ಹೋದಾಗ ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಆರು ಬಾಟಲಿ. ಮೇಲೆ ಚೀಟಿ: 'ಡಿಸ್ಟಿಲ್ಡ್ ವಾಟರ್'. ಏನು ಭಾವ ಇದು ಅಂದೆ. ಮುಖ ಅರಳಿತು. ಡ್ರಾಯರಿನಿಂದ ಪೆನ್ನಿನಂಥ ಟಿಡಿಎಸ್ ಮೀಟರ್ ತೆಗೆದು ಒಂದು ಲೋಟಕ್ಕೆ ಅದ್ದಿದರು. "ನೋಡು, ಹದಿನಾಲ್ಕು! ನಮ್ಮ ಆರ್‌ಓ ನೀರೇ ಅರವತ್ತು ತೋರಿಸುತ್ತೆ. ದಿನಕ್ಕೆ ನಾಲ್ಕು ಲೀಟರ್ ಶುದ್ಧ ನೀರು, ಪುಕ್ಕಟೆ!" ಇನ್ವರ್ಟರ್ ಬ್ಯಾಟರಿಗೆ ಅದೇ, ಇಸ್ತ್ರಿಪೆಟ್ಟಿಗೆಗೆ ಅದೇ. ಒಂದು ದಿನ ಕಾಫಿಯನ್ನೂ ಮಾಡಿದ್ದರಂತೆ.

ಸರಿ ಮಾರಾಯ್ರೇ ಅಂತ ಸುಮ್ಮನಾದೆ. ರಾತ್ರಿ ಎಂಟಕ್ಕೆ ಮಾವನಿಗೆ ನೆಬ್ಯುಲೈಸರ್ ಹಾಕುವ ಹೊತ್ತು. ಸಲೈನ್ ಮುಗಿದಿತ್ತು, ಹೊರಗೆ ಧೋ ಅಂತ ಮಳೆ. ಅಕ್ಕ ಆ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಔಷಧಿ ಹಾಕಿದ್ದ ಪುಟ್ಟ ಕಪ್ಪಿನ ಮೇಲೆ ಬಗ್ಗಿಸಿದಳು. "ಡಿಸ್ಟಿಲ್ಡ್ ಅಲ್ವಾ, ಇದಕ್ಕಿಂತ ಶುದ್ಧ ಯಾವುದಿದೆ?" ಅಂದಳು. ನಾನು ಕಿರುಚಿದ್ದಕ್ಕೆ ಮಾವ ಬೆಚ್ಚಿಬಿದ್ದರು, ಭಾವನಿಗೆ ಸಿಟ್ಟು ಬಂತು. ಕೊನೆಗೆ ಮಳೆಯಲ್ಲೇ ನೆನೆದುಕೊಂಡು ಹೋಗಿ ಮೆಡಿಕಲ್ ಶಾಪಿನಿಂದ ಸಲೈನ್ ತಂದೆ. ಕೆಲವೇ ರೂಪಾಯಿ ಸ್ವಾಮೀ, ಒಂದು ಟೀ ಕುಡಿದಷ್ಟು!

ಈಗ ಜಗಳಕ್ಕೆ ಬರ್ತೀನಿ.

ಡಿಸ್ಟಿಲ್ಡ್ ಅಂದರೆ ಏನು? ನೀರನ್ನು ಕುದಿಸಿ, ಹಬೆ ಮಾಡಿ, ಆ ಹಬೆಯನ್ನು ಶುದ್ಧವಾದ ಪಾತ್ರೆಯಲ್ಲಿ ತಣಿಸಿ ಹಿಡಿದದ್ದು. ಡಿಹ್ಯುಮಿಡಿಫೈಯರ್ ಏನನ್ನೂ ಕುದಿಸೋದಿಲ್ಲ. ಒಳಗೊಂದು ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಫ್ರಿಜ್ಜಿನಂತೆ ತಣ್ಣಗಿರುವ ಲೋಹದ ರೆಕ್ಕೆಗಳ ನಡುವೆ ಹಾದುಹೋಗುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುತ್ತಲ್ಲ, ಹಾಗೇ ಆ ರೆಕ್ಕೆಗಳು ಬೆವರುತ್ತವೆ. ಬೆವರು ಹನಿಹನಿಯಾಗಿ ಬಕೆಟ್ಟಿಗೆ ಇಳಿಯುತ್ತದೆ. ಅಷ್ಟೇ ಕಥೆ.

ಹಬೆ ಶುದ್ಧವೇ, ಒಪ್ಪಿಕೊಳ್ತೀನಿ. ಆದರೆ ಅದು ಇಳಿಯುವ ಜಾಗ ಶುದ್ಧವಲ್ಲ. ಅದೇ ರೆಕ್ಕೆಗಳ ಮೇಲೆ ಕೋಣೆಯ ಧೂಳು, ಬೂಷ್ಟಿನ ಬೀಜಕಣ, ನಮ್ಮ ಚರ್ಮದ ಹೊಟ್ಟು, ಸೊಳ್ಳೆಬತ್ತಿಯ ಹೊಗೆ, ಒಗ್ಗರಣೆಯ ಜಿಡ್ಡು ಎಲ್ಲವೂ ಕೂರುತ್ತವೆ. ಮುಂದಿರುವ ತೆಳು ಜಾಲರಿ ಇವನ್ನೆಲ್ಲ ತಡೆಯೋದಿಲ್ಲ. ರೆಕ್ಕೆಗಳು ಅಲ್ಯೂಮಿನಿಯಮ್, ಕೊಳವೆ ಹೆಚ್ಚಾಗಿ ತಾಮ್ರ, ಅಲ್ಲಲ್ಲಿ ಬೆಸುಗೆ. ಯಾವುದನ್ನೂ ಕುಡಿಯುವ ನೀರಿಗಾಗಿ ಅಂತ ಮಾಡಿದ್ದಲ್ಲ. ಇವನ್ನೆಲ್ಲ ತೊಳೆದುಕೊಂಡು ಬಂದ ನೀರು ಬೆಚ್ಚಗಿನ ಕೋಣೆಯಲ್ಲಿ, ಕತ್ತಲ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಡೀ ದಿನ ನಿಂತಿರುತ್ತದೆ. ಬ್ಯಾಕ್ಟೀರಿಯಾಗಳಿಗೆ ಇನ್ನೇನು ಬೇಕು?

ನೆಲ ಒರೆಸಿದ ನೀರನ್ನು ಯಾರಾದರೂ ಬಾಟಲಿಯಲ್ಲಿ ತುಂಬಿಡ್ತಾರಾ? ಇದು ಗಾಳಿ ಒರೆಸಿದ ನೀರು.

ಇನ್ನು ಆ ಟಿಡಿಎಸ್ ಮೀಟರ್. ಆರ್‌ಓ ಮಾರುವವರು ಮನೆಮನೆಗೂ ಹಬ್ಬಿಸಿದ ಮೂಢನಂಬಿಕೆ ಇದು. ಅದು ಅಳೆಯೋದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನು. ಅದರಿಂದ ಕರಗಿದ ಲವಣ ಎಷ್ಟು ಅಂತ ಅಂದಾಜು ಮಾಡುತ್ತದೆ. ರೋಗಾಣು ಅದರ ಕಣ್ಣಿಗೆ ಬೀಳೋದಿಲ್ಲ, ಬೂಷ್ಟು ಬೀಳೋದಿಲ್ಲ, ಎಣ್ಣೆ ಜಿಡ್ಡೂ ಬೀಳೋದಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣವನ್ನು ಒಪ್ಪುತ್ತದೆ. ಇ-ಕೊಲೈ ಮಾತ್ರ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು ಅನ್ನುತ್ತದೆ. ಅಂದರೆ ಮೀಟರ್ ತೋರಿಸುವ ಹದಿನಾಲ್ಕಕ್ಕೆ ನಾವು ಕುಣಿಯುತ್ತೇವೆ, ಅದು ತೋರಿಸದೇ ಇರೋದರ ಬಗ್ಗೆ ಕೇಳೋದೇ ಇಲ್ಲ.

"ಹಾಗಾದ್ರೆ ಗಾಳಿಯಿಂದಲೇ ಕುಡಿಯುವ ನೀರು ಮಾಡುವ ಯಂತ್ರ ಇದೆಯಲ್ಲ?" ಅಂತ ಭಾವ ಕೇಳಿದರು. ಇದೆ. ಸಿಕಂದರಾಬಾದ್ ರೈಲು ನಿಲ್ದಾಣದಲ್ಲಿ 2019ರಲ್ಲೇ ಅಂಥದ್ದೊಂದನ್ನು ಇಟ್ಟರು. ಆದರೆ ಅಂಥ ಯಂತ್ರಗಳನ್ನು ಕುಡಿಯುವ ನೀರಿಗೆಂದೇ ಕಟ್ಟಿರುತ್ತಾರೆ. ನೀರನ್ನು ಸೋಸಿ, ರೋಗಾಣು ಕೊಂದು, ಖನಿಜ ಬೆರೆಸಿದ ಮೇಲೆಯೇ ನಲ್ಲಿಗೆ ಬಿಡುತ್ತಾರೆ. ತತ್ವ ಒಂದೇ ಅಂತ ಎರಡೂ ಒಂದೇ ಆಗಿಬಿಡುತ್ತಾ? ಹಾಗಾದರೆ ಎಸಿಯ ಪೈಪಿನಿಂದ ರಸ್ತೆಗೆ ತೊಟ್ಟಿಕ್ಕುವ ನೀರನ್ನೂ ಬೊಗಸೆ ಒಡ್ಡಿ ಕುಡಿಯಬಹುದು!

"ಕುದಿಸಿದರೆ ಆಯ್ತಲ್ಲ" ಅನ್ನೋದು ಅಕ್ಕನ ಪ್ರಶ್ನೆ. ಕುದಿಸಿದರೆ ರೋಗಾಣು ಸಾಯುತ್ತೆ, ಲೋಹ ಸಾಯೋದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗಿ ಉಳಿಯುತ್ತೆ.

ಕುಡಿಯೋದಕ್ಕಿಂತ ಕೆಟ್ಟದ್ದು ಉಸಿರಿಗೆ ಎಳೆದುಕೊಳ್ಳೋದು. ಹೊಟ್ಟೆಗೆ ಆಮ್ಲದ ಕಾವಲಿದೆ. ಶ್ವಾಸಕೋಶಕ್ಕೆ ಅಂಥ ಕಾವಲಿಲ್ಲ, ಅದರಲ್ಲೂ ಎಪ್ಪತ್ತೆಂಟು ವರ್ಷದ ದಮ್ಮಿನ ಶ್ವಾಸಕೋಶಕ್ಕೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಮಾವೇಶಕ್ಕೆ ಬಂದವರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ನ್ಯುಮೋನಿಯಾದಿಂದ ಸತ್ತರು. ಕಾರಣ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತ ಮರುವರ್ಷ ಪತ್ತೆಯಾಯಿತು. ಅದಕ್ಕೆ ಬೆಚ್ಚಗೆ ನಿಂತ ನೀರು ಇಷ್ಟ, ಮಂಜಿನಂಥ ಹನಿಗಳ ಮೇಲೆ ಸವಾರಿ ಮಾಡಿ ಒಳಗೆ ಹೋಗುತ್ತೆ. ಬಕೆಟ್ಟಿನಲ್ಲಿ ಅದೇ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ನೆಬ್ಯುಲೈಸರ್ ಮಾಡೋದು ಅದೇ ಕೆಲಸ ತಾನೇ, ನೀರನ್ನು ಮಂಜು ಮಾಡಿ ಎದೆಯೊಳಗೆ ಕಳಿಸೋದು?

ಇನ್ನೂ ಒಂದು ಮಾತು. ಅಂಗಡಿಯಿಂದ ತಂದ ಅಸಲಿ ಡಿಸ್ಟಿಲ್ಡ್ ವಾಟರ್ ಆದರೂ ನೆಬ್ಯುಲೈಸರಿಗೆ ಬೇಡ. ಉಪ್ಪಿಲ್ಲದ ನೀರಿನ ಮಂಜು ಆಸ್ತಮಾ ಇರುವವರ ಶ್ವಾಸನಾಳವನ್ನು ಬಿಗಿಹಿಡಿಸುತ್ತದೆ. ಶ್ವಾಸನಾಳ ಎಷ್ಟು ಸೂಕ್ಷ್ಮವಾಗಿದೆ ಅಂತ ಪರೀಕ್ಷಿಸುವುದಕ್ಕೆ ಆ ಮಂಜನ್ನೇ ಬಳಸಿದ್ದುಂಟು. ಸಲೈನ್ ಕೊಡೋದು ಸುಮ್ಮನೆ ಅಲ್ಲ. 'ಶುದ್ಧ' ಅನ್ನುವ ಒಂದೇ ಪದ ಹಿಡಿದುಕೊಂಡು ಎಲ್ಲಿ ಬೇಕಾದರೂ ಸುರಿಯುವುದಕ್ಕೆ ಆಗೋದಿಲ್ಲ.

ಬ್ಯಾಟರಿ ವಿಷಯದಲ್ಲಿ ನಾನೂ ತಪ್ಪಿತಸ್ಥ. ಎಸಿಯಿಂದ ಬಿದ್ದ ನೀರನ್ನು ಒಂದು ವರ್ಷ ನನ್ನ ಇನ್ವರ್ಟರಿಗೆ ಹಾಕಿದ್ದೀನಿ, ಜಾಣ ಅಂದುಕೊಂಡು. ಸೀಸ-ಆಮ್ಲದ ಬ್ಯಾಟರಿಗೆ ತಾಮ್ರ, ಕಬ್ಬಿಣದ ಲವಲೇಶವೂ ಆಗಿಬರೋದಿಲ್ಲ, ಚಾರ್ಜ್ ತನ್ನಷ್ಟಕ್ಕೆ ಸೋರಿಹೋಗುತ್ತೆ ಅಂತ ಆಮೇಲೆ ಓದಿದೆ. ಈಗ ಬ್ಯಾಟರಿ ವಾಟರನ್ನು ದುಡ್ಡು ಕೊಟ್ಟೇ ತರ್ತೀನಿ.

ಭಾವನ "ಪುಕ್ಕಟೆ" ಲೆಕ್ಕವನ್ನೂ ಸ್ವಲ್ಪ ನೋಡೋಣ. ಹನ್ನೆರಡು ಅಡಿಗೆ ಹತ್ತು ಅಡಿ, ಹತ್ತಡಿ ಎತ್ತರದ ಕೋಣೆ ಅಂದರೆ ಸುಮಾರು 34 ಘನ ಮೀಟರ್ ಗಾಳಿ. 27 ಡಿಗ್ರಿಯಲ್ಲಿ ತೇವಾಂಶವನ್ನು ಶೇ. 90ರಿಂದ 55ಕ್ಕೆ ಇಳಿಸಲು ಆ ಗಾಳಿಯಿಂದ ತೆಗೆಯಬೇಕಾದ ನೀರು ಸುಮಾರು 300 ಗ್ರಾಂ. ಒಂದೂವರೆ ಲೋಟ! ಹಾಗಾದರೆ ದಿನಕ್ಕೆ ನಾಲ್ಕು ಲೀಟರ್ ಎಲ್ಲಿಂದ ಬಂತು? ಒದ್ದೆ ಬಟ್ಟೆ, ಗೋಡೆ, ಹಾಸಿಗೆ, ನಮ್ಮ ಉಸಿರು, ಇವೆಲ್ಲ ಒಂದಷ್ಟು ಕೊಡುತ್ತವೆ. ಉಳಿದದ್ದು ಭಾವ "ಗಾಳಿಯಾಡಲಿ" ಅಂತ ಅರ್ಧ ತೆರೆದಿಟ್ಟ ಕಿಟಕಿಯಿಂದ. ಕರೆಂಟು ಸುಟ್ಟು ಅರಬ್ಬೀ ಸಮುದ್ರವನ್ನು ಒಣಗಿಸುತ್ತಿದ್ದಾರೆ, ಬಕೆಟ್ ತುಂಬಿದ್ದನ್ನು ಲಾಭ ಅನ್ನುತ್ತಿದ್ದಾರೆ. ಬಕೆಟ್ ದಿನದಿನಕ್ಕೆ ಕಡಿಮೆ ತುಂಬಿದರೆ ಖುಷಿಪಡಬೇಕು ಕಣ್ರೀ.

ಸರಿ, ನೀರನ್ನು ಏನು ಮಾಡಬೇಕು? ಚೆಲ್ಲಿ. ಚೆಲ್ಲೋಕೆ ಮನಸ್ಸು ಬರದಿದ್ದರೆ ಕಕ್ಕಸಿಗೆ ಸುರಿಯಿರಿ, ನೆಲ ಒರೆಸಿ, ಹೂವಿನ ಗಿಡಕ್ಕೆ ಹಾಕಿ. ದಿನಾ ಬಕೆಟ್ ಎತ್ತೋದು ಮನೆಯ ವಯಸ್ಸಾದ ಹೆಂಗಸಿನ ಪಾಲಿಗೆ ಬರುತ್ತೆ ಅಂತಾದರೆ ಹಿಂದಿನ ತೂತಿಗೆ ಪೈಪ್ ಸಿಕ್ಕಿಸಿ ಬಚ್ಚಲಿಗೆ ಬಿಡಿ. ಆದರೆ ಪೈಪ್ ಉದ್ದಕ್ಕೂ ಇಳಿಜಾರಾಗಿರಲಿ, ನಡುವೆ ಎಲ್ಲೂ ಹೊಸಿಲು ಹತ್ತಿ ಇಳಿಯುವಂತಿರಬಾರದು, ತುದಿ ನೀರಿನಲ್ಲಿ ಮುಳುಗಿರಬಾರದು. ಮನೆಬಳಕೆಯ ಎಷ್ಟೋ ಯಂತ್ರಗಳಲ್ಲಿ ಪಂಪ್ ಇರೋದಿಲ್ಲ, ನೀರು ತಾನಾಗಿಯೇ ಇಳಿಯಬೇಕು. ವಾರಕ್ಕೊಮ್ಮೆ ಬಕೆಟ್ಟಿನ ಲೋಳೆಯನ್ನು ಸೋಪು ಹಾಕಿ ಉಜ್ಜಿ. ಮಳೆ ನಿಂತು ಯಂತ್ರ ಆಫ್ ಮಾಡಿದ ದಿನ ಬಕೆಟ್ ಖಾಲಿ ಮಾಡೋದನ್ನು ಮರೆಯಬೇಡಿ. ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತೆ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳ್ತಾರಲ್ಲ, ಈ ಬಕೆಟ್ಟೂ ಅದೇ ಜಾತಿ.

ನೀರನ್ನು ಪೋಲು ಮಾಡಬಾರದು ಅನ್ನೋ ಸಂಸ್ಕಾರ ನಮ್ಮದು, ಅದರ ಬಗ್ಗೆ ನನಗೆ ಗೌರವವಿದೆ. ಭಾವ ಜಿಪುಣರಲ್ಲ, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವರು. ಆದರೆ ಉಳಿಸಿದ ಒಂದು ಬಾಟಲಿ ನೀರು ಅವರ ಅಪ್ಪನ ಎದೆಗೇ ಹೋಗುತ್ತಿತ್ತು.

ಭಾವ ಆ ಆರು ಬಾಟಲಿ ಖಾಲಿ ಮಾಡಿದ್ದಾರೆ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಚೀಟಿ ಮಾತ್ರ ಇನ್ನೂ ಕಿತ್ತಿಲ್ಲವಂತೆ. ಮುಂದಿನ ಸಲ ಹೋದಾಗ ನಾನೇ ಕೀಳ್ತೀನಿ, ಇನ್ನೊಂದು ಜಗಳ ಆದರೂ ಪರವಾಗಿಲ್ಲ. ನಿಮ್ಮ ಮನೆಯಲ್ಲೂ ಅಂಥ ಚೀಟಿ ಅಂಟಿಸಿದ ಬಾಟಲಿ ಇದೆಯಾ? ಇವತ್ತೇ ಒಮ್ಮೆ ನೋಡಿ.